ಯಜಮಾನರು ಬರೆದುಕೊಟ್ಟ ಸಾಕ್ಷಿ

ಮೊನ್ನೆ ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ ಮುಚ್ಚಳ ತೆಗೆದೆ. ಗಪ್ಪೆಂದು ಮೂಗಿಗೆ ಹೊಡೆಯಿತು ಪಂಚರ್ ಸಲ್ಯೂಷನ್ ವಾಸನೆ. ಆಫ್ರಿಕಾದ ಮಲಾವಿಯಿಂದ ತಂದಿದ್ದ ಅರ್ಧ ಖಾಲಿ ಟ್ಯೂಬೊಂದು ಒಡೆದು, ನನ್ನ ಎರಡು ಚೂಡಿದಾರನ್ನೂ ಒಂದು ಟವೆಲನ್ನೂ ಸೇರಿಸಿ ಅಂಟಿಸಿಬಿಟ್ಟಿತ್ತು. ಅಮ್ಮ ಅಡುಗೆಮನೆಯಿಂದಲೇ, "ಅದೇನೇ ಅದು, ಪೆಟ್ರೋಲ್ ಗಿಟ್ರೋಲ್ ಚೆಲ್ಲಿದ್ಯಾ?" ಎಂದು ಕೂಗಿದಳು. ನಾನು ನೆಲದ ಮೇಲೆ ಕೂತುಬಿಟ್ಟೆ. ಬನ್ನಿಮಂಟಪದ ಆ ಸೈಕಲ್ ಶಾಪು, ಅದರ ಮುಂದಿನ ಕಪ್ಪು ನೀರಿನ ಬಾಂಡ್ಲಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಶಾಪಿನ ಯಜಮಾನರು...

ಮೊದಲೇ ಹೇಳಿಬಿಡುತ್ತೇನೆ, ನಾನು ಮಿಷನರಿಯಾಗಿ ಹೋಗಿ ಬಂದವಳು. ಈ ಮಾತು ಹೇಳಿದ ಕೂಡಲೇ ಕೆಲವರ ಮುಖ ಹುಳ್ಳಗಾಗುತ್ತದೆ. ಆಗಲಿ. ಜಯಲಕ್ಷ್ಮಿಪುರಂನಲ್ಲಿ ನಾನೀಗ ಕೆಲಸ ಮಾಡುವ ಲ್ಯಾಬಿನಲ್ಲಿ ಒಬ್ಬರು, "ಎಷ್ಟು ಜನರನ್ನ ಬದಲಾಯಿಸಿದ್ರಿ ಮೇಡಂ?" ಎಂದು ಹಲ್ಲು ಬಿಡುತ್ತ ಕೇಳಿದರು. "ಜನರನ್ನಲ್ಲ, ಟೈರನ್ನ. ತುಂಬಾ ಬದಲಾಯಿಸಿದೆ" ಅಂದೆ. ಅವರು ತಮಾಷೆ ಅಂದುಕೊಂಡರು. ನಾನು ಹೇಳಿದ್ದು ನಿಜ.

ಆಗ ನನಗೆ ಇಪ್ಪತ್ತನಾಲ್ಕು. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದೆ. ದೇವರು ನನ್ನನ್ನು ಕರೆಯುತ್ತಿದ್ದಾನೆ ಎಂದು ಗಟ್ಟಿಯಾಗಿ ಅನಿಸಿತ್ತು, ಈಗಲೂ ಅನಿಸುತ್ತದೆ. ಕಳಿಸುವ ಸಂಸ್ಥೆಯವರು ಮಲಾವಿ ದೇಶದ ಒಂದು ಸಣ್ಣ ಆಸ್ಪತ್ರೆಯನ್ನು ಸೂಚಿಸಿದ್ದರು. ಹಳ್ಳಿಹಳ್ಳಿಗೆ ಹೋಗಿ ಮಲೇರಿಯಾಗೆ ರಕ್ತ ಪರೀಕ್ಷೆ ಮಾಡುವ ಕೆಲಸ, ಎರಡು ವರ್ಷ. ಜೀಪು ಹೋಗದ ಹಾದಿಗಳು, ಹಾಗಾಗಿ ಎಲ್ಲರದೂ ಸೈಕಲ್ ಮೇಲೆಯೇ ಓಡಾಟ. ಬರುವವರಿಗೆ ಸೈಕಲ್ ರಿಪೇರಿ ಗೊತ್ತಿದ್ದರೆ ಬಹಳ ಉಪಕಾರ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದರು. ನಮ್ಮ ಸಭೆಯಲ್ಲಿ ಎಲ್ಲರೂ ನನಗಾಗಿ ಪ್ರಾರ್ಥನೆ ಮಾಡಿದರು, ಪಂಚರ್ ಹಾಕುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಹಾಗೆ ನಾನು ಆ ಶಾಪಿನ ಮುಂದೆ ಹೋಗಿ ನಿಂತೆ. ಯಜಮಾನರಿಗೆ ಅರವತ್ತು ದಾಟಿತ್ತು. ನಂಜನಗೂಡಿನ ಕಡೆಯ ಹಳ್ಳಿಯಿಂದ ಹುಡುಗರಾಗಿದ್ದಾಗಲೇ ಮೈಸೂರಿಗೆ ಬಂದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವಾ, ಕೆಲ್ಸ ಸಿಗ್ನಿಲ್ವಾ?" ಎಂದು ಕೇಳಿದರು. ವಿಷಯ ಹೇಳಿದೆ. "ಓಹೋ, ಚರ್ಚ್‌ನೋರಾ" ಎಂದು ಮುಖ ತಿರುಗಿಸಿ ಚೈನಿಗೆ ಎಣ್ಣೆ ಬಿಡತೊಡಗಿದರು. ನಾನು ಹೋಗಲಿಲ್ಲ. ಮುಕ್ಕಾಲು ಗಂಟೆ ನಿಂತೆ. ಕೊನೆಗೆ ಒಂದು ಟೈರನ್ನು ನನ್ನ ಕಾಲ ಬಳಿ ಎಸೆದು, "ಬಿಚ್ಚು ನೋಡಾಣ" ಅಂದರು.

ನಾಲ್ಕು ತಿಂಗಳು ಪ್ರತಿ ಸಂಜೆ ಹೋದೆ. ಅವರದು ಒಂದೇ ಹಟ. ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಬಂದ ಕಡೆ ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ಬಳಿದು ಪಟ್ಟಿ ಹಾಕಿದರೆ ಪಂಚರ್ ಕೆಲಸ ಮುಗಿಯಿತು ಎನ್ನುವವರು ಅವರ ಪ್ರಕಾರ ಕಳ್ಳರು. ಟೈರಿನ ಒಳಗೆ ಬರಿ ಬೆರಳು ಆಡಿಸಿ ಒಂದು ಸುತ್ತು ತಡವಬೇಕು. ಬಟ್ಟೆ ಹಿಡಿದು ತಡವಿದರೆ ಬೈಗುಳ. "ಮುಳ್ಳು ಒಳಗೇ ಕುಂತಿರ್ತದೆ ಕಣವ್ವ. ಕೈಗೆ ಚುಚ್ಚಿದ್ರೇನೆ ಅದು ಇರೋದು ಗೊತ್ತಾಗೋದು" ಎನ್ನುತ್ತಿದ್ದರು. ನನ್ನ ಬೆರಳುಗಳು ಆ ನಾಲ್ಕು ತಿಂಗಳು ಜರಡಿಯಾಗಿದ್ದವು. ಎರಡನೇ ವಾರದಿಂದ ನನಗೆ 'ಚರ್ಚಮ್ಮ' ಎಂದು ಹೆಸರು ಬಿತ್ತು. ಅವರ ಹೆಂಡತಿ ಹಿಂದಿನ ಓಣಿಯ ಮನೆಯಿಂದ ಟೀ ತಂದು, "ಚರ್ಚಮ್ಮನಿಗೆ ಸಕ್ಕರೆ ಜಾಸ್ತಿ ಹಾಕಿವ್ನಿ" ಎಂದು ಕೊಡುತ್ತಿದ್ದರು.

ನಮ್ಮ ಸಭೆಯಲ್ಲೊಂದು ಪದ್ಧತಿ ಇದೆ. ಹೊರದೇಶದ ಸೇವೆಗೆ ಹೋಗುವವರು ಹಿರಿಯರ ಕಮಿಟಿಗೆ ಮೂರು ಪತ್ರ ಕೊಡಬೇಕು. ಒಂದು ಅಯ್ಯನವರದು, ಅಂದರೆ ಪಾಸ್ಟರದು. ಒಂದು ಪಾಠ ಹೇಳಿದವರದು. ಮೂರನೆಯದು ನಮ್ಮ ಮತಕ್ಕೆ ಸೇರದ ಒಬ್ಬರದು, ಅದಕ್ಕೆ 'ಹೊರಗಿನವರ ಸಾಕ್ಷಿ' ಎಂದೇ ಹೆಸರು. ಅದಿಲ್ಲದೆ ಕಮಿಟಿ ಯಾರನ್ನೂ ಕಳಿಸುವುದಿಲ್ಲ. ಎಲ್ಲರೂ ಕಾಲೇಜಿನ ಲೆಕ್ಚರರೊಬ್ಬರನ್ನು ಹಿಡಿದು ನಾಲ್ಕು ಸಾಲು ಬರೆಸಿಕೊಂಡು ಬರುತ್ತಾರೆ. ನನಗೆ ಅದು ಬೇಡವಾಗಿತ್ತು. ನನ್ನನ್ನು ಹತ್ತಿರದಿಂದ ನೋಡಿದ ಹೊರಗಿನವರು ಯಜಮಾನರು ಮಾತ್ರ.

ಕೇಳಿದೆ. ಅವರು ಪಾನಾ ಕೆಳಗಿಟ್ಟರು. ಅವರ ತಮ್ಮ ಯಾವುದೋ ಪ್ರಾರ್ಥನೆಯ ಗುಂಪಿಗೆ ಸೇರಿಕೊಂಡಿದ್ದನಂತೆ. ತಾಯಿ ತೀರಿಕೊಂಡಾಗ ಬಂದ. ಹನ್ನೊಂದನೇ ದಿನದ ತಿಥಿಯಲ್ಲಿ ಎಡೆಗೆ ಇಟ್ಟದ್ದನ್ನು ಮುಟ್ಟುವುದಿಲ್ಲ ಎಂದು ಗೇಟಿನ ಹೊರಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದು, ಹಾಗೇ ಹೊರಟುಹೋದ. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

"ಹೆತ್ತವ್ವನ ಊಟ ಕಣವ್ವ ಅದು. ಒಂದು ತುತ್ತು ತಿನ್ನಕ್ಕಾಗ್ನಿಲ್ಲ ಅವನಿಗೆ" ಅಂದರು. ನನ್ನನ್ನೇ ನೋಡುತ್ತ ಕೇಳಿದರು: "ನಾಳೆ ನಾನು ಸತ್ರೆ, ನೀನು ನನ್ನ ತಿಥಿಗೆ ಬಂದು ಉಣ್ತೀಯಾ? ಅದು ಹೇಳು, ಆಮೇಲೆ ಬರ್ಕೊಡ್ತೀನಿ."

ಹೂಂ ಅಂದುಬಿಡಬಹುದಿತ್ತು. ಒಂದು ಅಕ್ಷರದ ಕೆಲಸ. ಮೂರು ದಿನ ಶಾಪಿನ ಕಡೆ ತಲೆ ಹಾಕಲಿಲ್ಲ. ವಿಗ್ರಹಕ್ಕೆ, ಸತ್ತವರಿಗೆ ಇಟ್ಟದ್ದನ್ನು ತಿನ್ನಬಾರದು ಎಂದು ಭಾನುವಾರದ ಶಾಲೆಯಿಂದಲೂ ಕಲಿತವಳು ನಾನು, ಅದನ್ನು ಆಗ ಮನಸಾರೆ ನಂಬಿದ್ದೆ. ನಾಲ್ಕನೇ ದಿನ ಹೋಗಿ ಹೇಳಿದೆ. "ಯಜಮಾನ್ರೆ, ಬರ್ತೀನಿ. ಕೊನೇವರೆಗೂ ಇರ್ತೀನಿ, ಪಾತ್ರೆ ತೊಳೀತೀನಿ. ಎಡೆಗೆ ಇಟ್ಟಿದ್ದು ಮಾತ್ರ ತಿನ್ನಕ್ಕಾಗಲ್ಲ. ಸುಳ್ಳು ಹೇಳಿ ನಿಮ್ಮ ಕೈಲಿ ಸೈನ್ ಹಾಕಿಸ್ಕೊಳಲ್ಲ." ಅಳು ಬಂದುಬಿಟ್ಟಿತು, ಪತ್ರ ಕೈತಪ್ಪಿತು, ಹೋಗುವುದೂ ತಪ್ಪಿತು ಎಂದು. ಅವರು ಕೈ ಒರೆಸಿಕೊಂಡು, "ಪೇಪರ್ ತಂದಿದ್ದೀಯಾ?" ಅಂದರು.

ಅವರೇ ಕೈಯಾರೆ ಬರೆದರು. ದಪ್ಪ ದಪ್ಪ ಅಕ್ಷರ, ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳ ಗುರುತು. "ಈ ಹುಡುಗಿ ಕೆಲಸ ಕಲಿತಿದ್ದಾಳೆ. ಸುಳ್ಳು ಹೇಳುವವಳಲ್ಲ. ನನ್ನ ತಿಥಿ ಊಟ ತಿನ್ನುವುದಿಲ್ಲವೆಂದು ನನ್ನ ಮುಖಕ್ಕೇ ಹೇಳಿದಳು. ನನಗೆ ಸಂಕಟವಾಯಿತು. ಆದರೂ ಇವಳನ್ನು ಕಳಿಸಬಹುದು." ಅಷ್ಟೇ.

ನಾನು ಹೊರಡುವ ಮುಂಚಿನ ಭಾನುವಾರ ಚರ್ಚಿನಲ್ಲಿ ಕಳಿಸಿಕೊಡುವ ಆರಾಧನೆ. ಯಜಮಾನರನ್ನು ಕರೆದಿದ್ದೆ. ಬರುತ್ತಾರೆ ಎಂದುಕೊಂಡಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಕಮಿಟಿಯ ಅಧ್ಯಕ್ಷರು ಮಾತಾಡಲು ನಿಂತು, ಜೇಬಿನಿಂದ ಆ ಪತ್ರ ತೆಗೆದು, ಆ ಒಂದು ಸಾಲನ್ನು ಮಾತ್ರ ಮೈಕಿನಲ್ಲಿ ಓದಿದರು. "ನೋಡಿ ಪ್ರಿಯರೇ! ಅನ್ಯರೊಬ್ಬರು ತಮ್ಮ ತಿಥಿ ಊಟಕ್ಕೆ ಕರೆದರೂ ನಮ್ಮ ಹುಡುಗಿ ಮಣಿಯಲಿಲ್ಲ. ಇದು ವಿಶ್ವಾಸ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮುಂದೆ ಮಂಡಿಯೂರಿದ್ದೆ, ಅಯ್ಯನವರ ಕೈ ನನ್ನ ತಲೆಯ ಮೇಲಿತ್ತು. ಎದ್ದು ನಿಂತು, "ಹಾಗಲ್ಲ, ಪೂರ್ತಿ ಓದಿ" ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಮೇಲೆ ನನಗೆ ಇವತ್ತಿಗೂ ಉರಿಯುವ ಸಿಟ್ಟು ಅದೊಂದೇ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಓಡಿದೆ. ಅವರು ಸೈಕಲ್ ಹತ್ತುತ್ತಿದ್ದರು. "ಹೋಗ್ಬುಟ್ಟು ಬಾ ಕಣವ್ವ, ಚೆನ್ನಾಗಿರು" ಅಂದರು. ಮುಖ ನೋಡಲಿಲ್ಲ.

ಮಲಾವಿಯಲ್ಲಿ ಕೆಂಪು ಧೂಳು, ಮಾವಿನ ಮರ, ಎಲ್ಲೆಂದರಲ್ಲಿ ಮುಳ್ಳು. ಬೆಳಿಗ್ಗೆ ರಕ್ತ ಪರೀಕ್ಷೆ, ಮಧ್ಯಾಹ್ನದ ಮೇಲೆ ಮರದ ಕೆಳಗೆ ಸೈಕಲ್ ಸಾಲು. ಅಲ್ಲಿನ ಆರೋಗ್ಯ ಕಾರ್ಯಕರ್ತರು ನಾನು ಟೈರಿನೊಳಗೆ ಬರಿಗೈ ಹಾಕುವುದನ್ನು ಕಂಡು ನಗುತ್ತಿದ್ದರು. ಎರಡನೇ ಸಲ ಪಂಚರ್ ಆಗದಿದ್ದಾಗ ಅವರೂ ಕೈ ಹಾಕತೊಡಗಿದರು. ಐದನೇ ತಿಂಗಳಲ್ಲಿ ನಮ್ಮ ಜೊತೆಯ ಒಬ್ಬ ಕಾರ್ಯಕರ್ತನ ತಂದೆ ತೀರಿಕೊಂಡರು. ಮುಸಲ್ಮಾನರ ಮನೆ. ಅವರ ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಮೆಕ್ಕೆಜೋಳದ ಹಿಟ್ಟಿನ ಮುದ್ದೆಯ ತಟ್ಟೆ ತಂದು ಚಾಪೆಯ ನಡುವೆ ಇಟ್ಟರು. ನಾನು ಏಳಲು ಹೋದೆ. ನನ್ನ ಜೊತೆ ಬಂದಿದ್ದ ನರ್ಸಮ್ಮ, ಅಲ್ಲಿನ ನಮ್ಮದೇ ಚರ್ಚಿನ ಮುದುಕಿ, ನನ್ನ ಮಣಿಕಟ್ಟು ಹಿಡಿದು ಕೂರಿಸಿ, "ಅವನ ಅಪ್ಪ ಸತ್ತಿದ್ದಾನೆ, ನಿನಗೆ ನಿನ್ನ ಕೈ ಶುದ್ಧದ ಚಿಂತೆಯಾ?" ಅಂದಳು. ತಿಂದೆ. ಮೈಸೂರಿಗೆ ಹೋದ ಕೂಡಲೇ ಯಜಮಾನರಿಗೆ ಈ ಮಾತು ಹೇಳಬೇಕು ಎಂದುಕೊಂಡೆ. ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ಕೂತು ಹೇಳಬೇಕು ಎಂದು ತಡಮಾಡಿದೆ.

ಎರಡು ತಿಂಗಳಾಗಿರಲಿಲ್ಲ. ಅಮ್ಮ ಫೋನಿನಲ್ಲಿ, "ಸೈಕಲ್ ಶಾಪಿನೋರು ಹೋಗ್ಬಿಟ್ರು ಕಣೇ. ಎದೆನೋವಂತೆ. ಆಗಲೇ ಹದಿನೈದು ದಿನ ಆಯ್ತು, ನನಗೆ ಇವತ್ತು ಗೊತ್ತಾಯ್ತು" ಅಂದಳು. ತಿಥಿ ಕಳೆದುಹೋಗಿತ್ತು. ಬರುತ್ತೇನೆ ಎಂದಿದ್ದೆ, ಪಾತ್ರೆ ತೊಳೆಯುತ್ತೇನೆ ಎಂದಿದ್ದೆ... ಆ ದಿನ ಒಂದು ಸೈಕಲ್ಲನ್ನೂ ಮುಟ್ಟಲಾಗಲಿಲ್ಲ.

ಕಳೆದ ವರ್ಷ ವಾಪಸು ಬಂದೆ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಾರೆಂದು ಗೊತ್ತಿತ್ತು, ಯಾರೂ ಕರೆಯದಿದ್ದರೂ ಹೋದೆ. ಈ ಸಲ ತಿಂದೇ ಬರುವುದು ಎಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಫೋಟೋದ ಮುಂದೆ ಎಲೆ ಹಾಕಿ, ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ ಬಡಿಸಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿಯನ್ನೂ ಇಟ್ಟಿದ್ದರು. ಅವರ ಹೆಂಡತಿ ನನ್ನನ್ನು ಕಂಡು ಅತ್ತರು, ನಾನೂ ಅತ್ತೆ. ಆಮೇಲೆ ಅವರು ಒಳಗೆ ಹೋಗಿ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು.

"ಎಡೆ ಇಡಕ್ಕೆ ಮುಂಚೇನೇ ಎತ್ತಿಟ್ಟಿವ್ನಿ. ಇದ್ದಾಗ್ಲೇ ಅವ್ರೇ ಹೇಳಿದ್ರು. ಚರ್ಚಮ್ಮ ಬರ್ತೀನಿ ಅಂದವ್ಳೆ, ಸುಳ್ಳು ಹೇಳೋಳಲ್ಲ, ಬಂದೇ ಬರ್ತಾಳೆ, ಅವಳಿಗೆ ಮೊದ್ಲೇ ಬೇರೆ ಎತ್ತಿಕ್ಕು ಅಂತ. ತಿಥಿ ದಿನಾನೂ ಎತ್ತಿಟ್ಟಿದ್ದೆ. ನೀನು ದೂರದಲ್ಲಿದ್ದೆ."

ಎಡೆಯಲ್ಲಿ ಇಟ್ಟಿದ್ದನ್ನೇ ತಿನ್ನಲು ಬಂದೆ ಎಂದು ತಡವರಿಸುತ್ತ ಹೇಳಿದೆ. ಅವರು ಕಣ್ಣು ಒರೆಸಿಕೊಂಡು ಒಂದು ಬಾಳೆಲೆ ಹಾಸಿ, ಡಬ್ಬಿಯನ್ನೂ ಎಡೆಯ ಊಟವನ್ನೂ ಪಕ್ಕಪಕ್ಕ ಇಟ್ಟರು. "ಯಾವ್ದು ಆಗ್ತದೋ ಅದನ್ನ ಉಣ್ಣು ಮಗ. ಎರಡೂ ಅವ್ರದ್ದೇ" ಅಂದರು. ಹೊಟ್ಟೆ ತುಂಬ ಉಂಡೆ. ಆಮೇಲೆ ಹಿತ್ತಲಿನಲ್ಲಿ ಕೂತು ಅಷ್ಟೂ ಪಾತ್ರೆ ತೊಳೆದು ಬಂದೆ.

ಯಾರು ನೋಡಿದರೋ, ಮುಂದಿನ ವಾರಕ್ಕೆ ಸುದ್ದಿ ಕಮಿಟಿ ಮುಟ್ಟಿತು. ನಾನು ಮತ್ತೆ ಎರಡು ವರ್ಷ ಮಲಾವಿಗೆ ಹೋಗುವ ಅರ್ಜಿ ಆಗಲೇ ಅವರ ಮೇಜಿನ ಮೇಲಿತ್ತು. ಅದೇ ಅಧ್ಯಕ್ಷರು ಕೂರಿಸಿಕೊಂಡು ಕೇಳಿದರು, "ಎಡೆಗೆ ಇಟ್ಟ ಊಟ ತಿಂದ್ಯಂತೆ?" ಇನ್ನೊಬ್ಬ ಹಿರಿಯರು, ಒಳ್ಳೆಯವರೇ, ಮೆಲ್ಲಗೆ ದಾರಿ ತೋರಿಸಿದರು. "ಅವರು ನಿನಗೆ ಅಂತ ಬೇರೆ ಎತ್ತಿಟ್ಟಿದ್ರಂತಲ್ಲಮ್ಮ. ಅದನ್ನೇ ತಿಂದೆ ಅಂತ ಒಂದು ಮಾತು ಹೇಳಿಬಿಡು, ಮುಗೀತು."

ಮುಗಿಯುತ್ತಿತ್ತು, ನಿಜ. ಆದರೆ ಹಾಗೆ ಹೇಳಿದರೆ ಪಕ್ಕದ ಎಲೆಯ ಊಟ ಹೊಲಸು ಎಂದು ಒಪ್ಪಿಕೊಂಡ ಹಾಗೆ. ಯಜಮಾನರು ಪ್ರೀತಿಯಿಂದ ಎತ್ತಿಡಿಸಿದ್ದನ್ನು ಅವರ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದ ಹಾಗೆ. ಒಂದು ಸಲ ಮೈಕಿನಲ್ಲಿ ಅದು ಆಗಿತ್ತು, ನಾನು ತೆಪ್ಪಗಿದ್ದೆ. "ಅವರ ಮನೇಲಿ ಊಟ ಮಾಡಿದೆ. ಯಾವ ಎಲೆ ಅಂತ ಹೇಳಲ್ಲ" ಅಂದೆ. ಅಧ್ಯಕ್ಷರು ಮೇಜು ಕುಟ್ಟಿದರು. ನಾನೂ ದನಿ ಏರಿಸಿದೆ. "ಅವತ್ತು ಪತ್ರದಲ್ಲಿ ಐದು ಸಾಲು ಇತ್ತು, ನೀವು ಒಂದೇ ಓದಿದ್ರಿ. ಸಂಕಟವಾಯಿತು ಅನ್ನೋದನ್ನ ಯಾಕೆ ಓದಲಿಲ್ಲ?"

ಅರ್ಜಿ ಅಲ್ಲೇ ನಿಂತಿದೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ನೋಡೋಣ ಎಂದಿದ್ದಾರೆ. ಅಮ್ಮ ದಿನಾ ಬೇಡಿಕೊಳ್ಳುತ್ತಾಳೆ, "ಬರೆದು ಬಿಸಾಕೇ, ನಿಂಗೇನು ಗಂಟು ಹೋಗುತ್ತೆ?" ಎಂದು. ಮಲಾವಿಗೆ ಹೋಗಬೇಕೆಂದು ಜೀವ ಹಾತೊರೆಯುತ್ತದೆ. ದೇವರ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ, ಚರ್ಚಿಗೂ ಪ್ರತಿ ಭಾನುವಾರ ಹೋಗುತ್ತೇನೆ, ಮುಂದಿನ ಬೆಂಚಿನಲ್ಲೇ ಕೂರುತ್ತೇನೆ. ಅವರಾಗಿ ಎಬ್ಬಿಸುವವರೆಗೂ ಏಳುವುದಿಲ್ಲ.

ಯಜಮಾನರು ಇಲ್ಲ. ಬದುಕಿದ್ದಾಗ ಅವರಿಗೆ ನಾನು ಹೇಳಬೇಕಿದ್ದ ಮಾತು ನನ್ನಲ್ಲೇ ಉಳಿಯಿತು, ಅದಕ್ಕೆ ಇನ್ನು ಪರಿಹಾರವಿಲ್ಲ. ಅವತ್ತು ಯಾವುದನ್ನು ಉಂಡೆ ಎಂದು ಈಗಲೂ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಕಮಿಟಿಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.