ಹಿತ್ತಲಲ್ಲಿ ಕೋಡಿ ಬಿದ್ದ ವರ್ಷ

ನಮ್ಮತ್ತೆ ಮೊದಲ ಸಲ ಯಾರಿಗೂ ಹೇಳದೆ ಗೇಟು ದಾಟಿ ಹೋದದ್ದು ಕೆರೆ ಕೋಡಿ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಬರಲು. ನಾವಿದ್ದದ್ದು ಘಾಜಿಯಾಬಾದಿನ ಒಂದು ಕಾಲೊನಿಯ ನೆಲಮಹಡಿಯಲ್ಲಿ. ಅಲ್ಲಿ ಕೆರೆಯೂ ಇಲ್ಲ, ಕೋಡಿಯೂ ಇಲ್ಲ. ಎರಡು ಗಲ್ಲಿ ದಾಟಿದರೆ ಲಾರಿಗಳು ಓಡುವ ಹೆದ್ದಾರಿ. ಕಾಲೊನಿಯ ಚೌಕಿದಾರ ಅವರನ್ನು ಆ ರಸ್ತೆಯ ಅಂಚಿನಿಂದ ಕೈಹಿಡಿದು ಕರೆತಂದು, "ಭಾಬೀಜಿ, ಮಾತಾಜಿ ಕಾ ಧ್ಯಾನ್ ರಖೋ" ಎಂದು, ಅತ್ತೆಯನ್ನು ಸರಿಯಾಗಿ ನೋಡಿಕೊಳ್ಳಲು ನನಗೇ ಬುದ್ಧಿ ಹೇಳಿ ಹೋದ.

ಅತ್ತೆಯ ಊರು ಚಿತ್ರದುರ್ಗದ ಕಡೆ. ಅಲ್ಲಿನ ಕೆರೆ ತುಂಬುವುದೇ ಅಪರೂಪ. ತುಂಬಿ, ಹೆಚ್ಚಾದ ನೀರು ಏರಿಯ ಪಕ್ಕದ ಕಲ್ಲುಗಳ ಮೇಲಿಂದ ಧುಮುಕಿದರೆ ಕೋಡಿ ಬಿತ್ತು ಎಂದು ಊರಿಗೆ ಊರೇ ನೋಡಲು ಓಡುತ್ತಿತ್ತಂತೆ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದ ಅವರಿಗೆ ನಿಧಾನವಾಗಿ ಮರೆವು ಹತ್ತಿತು. ಬೆಳಿಗ್ಗೆ ತಿಂಡಿ ತಿಂದದ್ದು ಮರೆಯುತ್ತಿತ್ತು, ಬಚ್ಚಲಿನ ದಾರಿ ಮರೆಯುತ್ತಿತ್ತು, ಆದರೆ ಕೋಡಿ ಮರೆಯಲಿಲ್ಲ. ದಿನ ಬಿಟ್ಟು ದಿನ ಸೆರಗು ಸರಿಮಾಡಿಕೊಂಡು ಹೊರಟೇ ಬಿಡುತ್ತಿದ್ದರು.

"ಗೇಟಿಗೆ ಬೀಗ ಹಾಕೋಣ ರೀ" ಎಂದೆ ನಾನು. ಇಡೀ ದಿನ ಅವರ ಹಿಂದೆ ಓಡುವವಳು ನಾನು. ಇವರೇನು, ಬೆಳಿಗ್ಗೆ ಎದ್ದು ರೈಲು ಹತ್ತಿ ದಿಲ್ಲಿಯ ಸರ್ಕಾರಿ ಕಚೇರಿಗೆ ಹೋದರೆ ಕತ್ತಲಾದ ಮೇಲೇ ಬರುವುದು.

"ಅಮ್ಮನ್ನ ಕೂಡಿಹಾಕ್ತೀಯಾ? ಅವಳೇನು ಕಳ್ಳಿನಾ?"

"ಹಾಗಾದ್ರೆ ಲಾರಿ ಕೆಳಗೆ ಹೋಗ್ಲಾ?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಇವರು ಅಂದು ಊಟ ಮಾಡಲಿಲ್ಲ.

ಕೆಲವು ದಿನ ಕಳೆದು ಸೈಬರ್ ಕೆಫೆಯಿಂದ ಒಂದು ಕಟ್ಟು ಹಾಳೆ ತಂದರು. ಮನೆಯ ಹಿಂದೆ ಪುಟ್ಟ ಕೊಳ ಮಾಡುವುದು ಹೇಗೆ, ಅದರ ನೀರು ತಾನೇ ಶುದ್ಧವಾಗುವುದು ಹೇಗೆ, ಎಲ್ಲ ಚಿತ್ರಸಮೇತ. "ಅವಳು ಕೆರೆ ಹುಡುಕಿಕೊಂಡು ಹೋಗೋದು ತಾನೇ? ಕೆರೆನೇ ಇಲ್ಲಿಗೆ ತರೋಣ" ಎಂದರು. ಕಡತದಲ್ಲಿ ಟಿಪ್ಪಣಿ ಬರೆಯುವುದು ಬಿಟ್ಟು ಬೇರೆ ಕೈಕೆಲಸ ಅರಿಯದ ಗಂಡ ಹೀಗೆಂದಾಗ ನನಗೆ ನಗು ಬಂತು. ಭಾನುವಾರ ಅವರು ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದಾಗ ನಗು ನಿಂತಿತು.

ಮೊಣಕಾಲುದ್ದದ ಗುಂಡಿ ತೋಡಿದರು. ಬೇಸಿಗೆಯ ಆ ನೆಲ ಹೆಂಚಿನಂತೆ ಗಟ್ಟಿ, ಅಂಗೈಯೆಲ್ಲ ಬೊಬ್ಬೆ. ಗುಂಡಿಗೆ ದಪ್ಪ ಟಾರ್ಪಾಲು ಹಾಸಿ, ಅದರ ಒಂದು ಬದಿಗೆ ಇಟ್ಟಿಗೆ ಕಟ್ಟೆ ಕಟ್ಟಿ, ಮೇಲೆ ಹಳೆಯ ಸಿಮೆಂಟ್ ತೊಟ್ಟಿ ಕೂರಿಸಿದರು. ತೊಟ್ಟಿಯ ತಳದಲ್ಲಿ ತೂತು ಕೊರೆದ ಪೈಪು, ಅದರ ಮೇಲೆ ಕಂಠದವರೆಗೂ ಬೆಣಚುಕಲ್ಲು, ಕಲ್ಲಿನ ನಡುವೆ ಕೆಸು ಮತ್ತು ಕಾಬಾಳೆ ಗಿಡ. ಹಳೆಯ ಕೂಲರಿನ ಪಂಪು ಕೊಳದ ನೀರನ್ನು ಆ ಪೈಪಿಗೆ ತಳ್ಳಬೇಕು, ನೀರು ಕಲ್ಲು ಬೇರುಗಳ ನಡುವೆ ಮೇಲೆದ್ದು, ತೊಟ್ಟಿಯ ಅಂಚಿಗಿಟ್ಟ ಚಪ್ಪಡಿಯ ಮೇಲಿಂದ ಮತ್ತೆ ಕೊಳಕ್ಕೆ ಧುಮುಕಬೇಕು. "ಆ ಕಲ್ಲಿಗೆ ಲೋಳೆ ಕಟ್ಟುತ್ತೆ. ಆ ಲೋಳೆನೇ ಕೊಳದ ಜೀವ, ನೀರಿನ ಕೊಳೆ ತಿನ್ನೋದು ಅದೇ. ಯಾರೂ ಮುಟ್ಟಬಾರದು" ಎಂದು ನನಗೆ ಸಾವಿರ ಸಲ ಹೇಳಿದರು. ಮನೆಯಲ್ಲಿ ಕೊಳೆ ಕಾಪಾಡಲು ಹೇಳುವ ಗಂಡನನ್ನು ಕಂಡದ್ದು ಅದೇ ಮೊದಲು.

ಮೊದಲ ಸಲ ಪಂಪು ಹಾಕಿದಾಗ ಚಪ್ಪಡಿಯಿಂದ ನೀರು ತಪತಪ ಬಿತ್ತು. ಒಳಗೆ ಮಲಗಿದ್ದ ಅತ್ತೆ ಎದ್ದು ಹಿತ್ತಲ ಬಾಗಿಲಿಗೆ ಬಂದರು. ಹತ್ತಿರ ಹೋಗಿ ಬೀಳುವ ನೀರಿಗೆ ಕೈಯೊಡ್ಡಿದರು. ಆಮೇಲೆ ಚಪ್ಪಲಿ ಬಿಟ್ಟು ಕೈಮುಗಿದು, "ಪುಟ್ಟಾ, ಕೋಡಿ ಬಿತ್ತಲ್ಲೋ!" ಎಂದರು. ಇವರು ಕೆಸರು ಕೈಯಲ್ಲೇ ಮುಖ ಒರೆಸಿಕೊಂಡರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಅತ್ತೆ ಗೇಟಿನ ಕಡೆ ತಿರುಗಿ ನೋಡಲಿಲ್ಲ. ದಿನವೂ ಕಣ್ಣೆದುರಿಗೇ ಕೋಡಿ ಬೀಳುವಾಗ ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಮಣೆ ಹಾಕಿ ಬಾಗಿಲಲ್ಲಿ ಕೂತು, ಇವರು ತಂದು ಬಿಟ್ಟ ಕಿತ್ತಳೆ ಬಣ್ಣದ ಪುಟ್ಟ ಮೀನುಗಳಿಗೆ ಅನ್ನದ ಅಗುಳು ಹಾಕುವರು. ಕರೆಂಟು ಹೋದರೆ ಕೋಡಿ ನಿಂತು ಅವರು ಚಡಪಡಿಸುತ್ತಿದ್ದರು, ಅದಕ್ಕೆ ಇವರು ಇನ್ವರ್ಟರನ್ನು ಪಂಪಿಗೇ ಜೋಡಿಸಿದರು. ಜೂನಿನ ಸೆಕೆಯಲ್ಲಿ ನಾವು ಫ್ಯಾನಿಲ್ಲದೆ ಬೇಯುತ್ತಿದ್ದೆವು, ಮೀನುಗಳು ರಾಜಭೋಗದಲ್ಲಿದ್ದವು. ಮೇಲ್ಮನೆಯಾಕೆ ಡೆಂಗಿ ಜ್ವರದ ಭಯದಿಂದ "ಮಚ್ಛರ್ ಹೋ ಜಾಯೇಂಗೆ" ಎಂದು ಜಗಳಕ್ಕೆ ಬಂದಾಗ, ಹರಿಯುವ ನೀರಿನಲ್ಲಿ ಸೊಳ್ಳೆ ಆಗುವುದಿಲ್ಲವೆಂದು ವಾದಿಸಿ ಕಳಿಸಿದವಳು ನಾನೇ. ನನಗೆ ಮಧ್ಯಾಹ್ನದ ನಿದ್ದೆ ಮರಳಿ ಸಿಕ್ಕಿತ್ತು. ಆ ಕೊಳಕ್ಕಾಗಿ ನಾನು ಯಾರ ಜೊತೆ ಬೇಕಾದರೂ ಜಗಳವಾಡುತ್ತಿದ್ದೆ.

ದೀಪಾವಳಿ ಬಂತು. ನರಕ ಚತುರ್ದಶಿಯ ಹಿಂದಿನ ದಿನ ಇಲ್ಲಿನವರಿಗೆ ಧನ್‌ತೇರಸ್, ಹೊಸ ಪಾತ್ರೆ ಕೊಳ್ಳುವ ಗಡಿಬಿಡಿ. ನಮಗೆ ಅದೇ ಸಂಜೆ ನೀರು ತುಂಬುವ ಹಬ್ಬ. ಹಂಡೆ ಕೊಡಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಬೇಕು. ಈ ಕಡೆ ಬಂದ ಮೇಲೆ ನನ್ನ ಹಬ್ಬ ಗೀಜರಿಗೆ ಒಂದು ಕುಂಕುಮದ ಬೊಟ್ಟಿಟ್ಟು ಮುಗಿಯುತ್ತಿತ್ತು. ಅಂದು ನಾನು ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದೆ. ಅತ್ತೆ ಒಂದೆರಡು ಸಲ ಬಂದು ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ ತೆಗೆದುಕೊಂಡು ಹೋದರು. ಹಬ್ಬದ ನೆನಪಿದೆಯಲ್ಲ ಪಾಪ, ಯಾವುದೋ ಚೊಂಬು ತಿಕ್ಕುತ್ತಿದ್ದಾರೆ ಎಂದುಕೊಂಡೆ.

ಚಕ್ಕುಲಿ ಮುಗಿಸಿ ಹಿತ್ತಲಿಗೆ ಹೋದರೆ ತೊಟ್ಟಿಯ ಕಲ್ಲುಗಳೆಲ್ಲ ಫಳಫಳ. ಒಂದೊಂದನ್ನೂ ಹೊರತೆಗೆದು, ತಿಕ್ಕಿ, ಲೋಳೆಯ ಹೆಸರಿಲ್ಲದಂತೆ ಬೆಳಗಿ ಮತ್ತೆ ಜೋಡಿಸಿದ್ದರು. ಕೆಸು, ಕಾಬಾಳೆ ಬೇರುಸಹಿತ ಗೋಡೆಗೆ ಒರಗಿದ್ದವು. ಚಪ್ಪಡಿಗೆ ತಮ್ಮ ಎಲೆಯಡಿಕೆ ಡಬ್ಬಿಯ ಸುಣ್ಣದಿಂದ ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಪುಡಿಯ ನೊರೆ ಉಕ್ಕಿದ ಹಾಲಿನಂತೆ ಕೊಳಕ್ಕೆ ಇಳಿಯುತ್ತಿತ್ತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಗ್ಗಿನಿಂದ ನಿಂತಿದ್ದರು. "ಎಷ್ಟು ಪಾಚಿ ಕಟ್ಟಿಸಿದ್ಯೇ! ವರ್ಷಕ್ಕೊಂದು ಹಬ್ಬ ಬಂದ್ರೂ ತೊಳೆಯೋದಿಲ್ವಾ?" ಎಂದು ನನ್ನನ್ನೇ ಗದರಿದರು.

ಕಚೇರಿಯಿಂದ ಬಂದ ಇವರು ಅದನ್ನು ನೋಡಿ ಬಾಯಿ ತೆರೆದರು. ಕೂಗುತ್ತಾರೆಂದು ನಾನು ಕಾದೆ. ಅಷ್ಟರಲ್ಲಿ ಅತ್ತೆ, "ಪುಟ್ಟಾ, ನಾಳೆ ಬೇಗ ಏಳಬೇಕು. ಎಣ್ಣೆ ಹಚ್ತೀನಿ, ನೀರು ತುಂಬಿಟ್ಟಾಗಿದೆ" ಎಂದರು. ಒಂದು ಹಬ್ಬವನ್ನು ಅವರು ಹಿಂದುಮುಂದಾಗದೆ ಪೂರ್ತಿ ನೆನಪಿಟ್ಟುಕೊಂಡು ಮಾಡಿದ್ದರು. ಇವರು ತೋಳು ಮಡಚಿ ಬಕೆಟ್ಟು ತಂದರು. ಇಬ್ಬರೂ ಸೇರಿ ಆ ನೊರೆ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಿ ನಲ್ಲಿಯ ನೀರು ಬಿಟ್ಟೆವು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇವರು ಹಿತ್ತಲಲ್ಲಿ ಮಣೆಯ ಮೇಲೆ ಕೂತಿದ್ದರು. ಅತ್ತೆ ಮಗನ ನೆತ್ತಿಗೆ ಎಣ್ಣೆ ತಟ್ಟುತ್ತಾ "ಆಯಸ್ಸು ಗಟ್ಟಿಯಾಗಲಿ" ಎನ್ನುತ್ತಿದ್ದರು. ಇವರ ಕೆನ್ನೆಯ ಮೇಲೆ ಇಳಿದದ್ದು ಎಣ್ಣೆಯೊಂದೇ ಅಲ್ಲವೆಂದು ನನಗೆ ಗೊತ್ತಿತ್ತು.

ಗಿಡಗಳನ್ನು ಮತ್ತೆ ನೆಟ್ಟರು. ಆದರೆ ಚಳಿ ಬಂದುಬಿಟ್ಟಿತ್ತು, ಬೇರು ಹಿಡಿಯಲಿಲ್ಲ, ಕಲ್ಲಿಗೆ ಲೋಳೆ ಕಟ್ಟಲಿಲ್ಲ. ನೀರು ಹಸಿರಾಗಿ ನಾತ ಹೊಡೆಯಿತು, ಪಂಪು ಕಟ್ಟಿಕೊಂಡು ಸುಟ್ಟುಹೋಯಿತು. ಮೇಲ್ಮನೆಯಾಕೆ ಮತ್ತೆ ಬಂದಾಗ ನನ್ನಲ್ಲಿ ವಾದ ಉಳಿದಿರಲಿಲ್ಲ. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು, "ಇದು ನಮ್ಮ ಕೆರೆ ಅಲ್ಲ" ಎಂದರು. ಆಮೇಲೆ ಆ ಕಡೆ ಹೋಗಲಿಲ್ಲ.

ಡಿಸೆಂಬರಿನ ಮಂಜಿನಲ್ಲಿ ಮತ್ತೆ ಹೊರಟರು. ಎದುರಿಗೆ ಬಂದವರ ಮುಖ ಕಾಣದಷ್ಟು ಮಂಜು. ನಾನು ಹೆದ್ದಾರಿಯ ಉದ್ದಕ್ಕೂ "ಅತ್ತೇ" ಎಂದು ಕೂಗುತ್ತಾ ಓಡಿದೆ. ಕೊನೆಗೆ ಲಾರಿಯವರ ಚಹಾ ಅಂಗಡಿಯ ಬೆಂಕಿಯ ಪಕ್ಕ ಕೂತಿದ್ದರು, ಕಾಲಿನಲ್ಲಿ ರಕ್ತ. ನನ್ನನ್ನು ನೋಡಿ, "ಕೋಡಿಗೆ ದಾರಿ ಯಾವುದಮ್ಮ?" ಎಂದರು.

ಮರುದಿನ ಬೀಗ ತಂದವರು ಇವರೇ. ಕಚೇರಿಯ ಚೀಲ ಹೆಗಲಿಗೇರಿಸಿ ಗೇಟಿನಾಚೆ ನಿಂತು, "ನೀನೇ ಹಾಕು. ನನ್ನ ಕೈಲಾಗಲ್ಲ" ಎಂದು ಸರಳುಗಳ ನಡುವಿನಿಂದ ನನ್ನ ಕೈಗೆ ಕೊಟ್ಟರು. ಮೊದಲಿನಿಂದ ನಾನು ಕೇಳುತ್ತಿದ್ದದ್ದು ಅದೇ ಬೀಗ. ಅತ್ತೆ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು.

"ಬೀಗ ಹಾಕ್ಬೇಡ ಕಣಮ್ಮ. ನನ್ನ ಮಗ ಸ್ಕೂಲಿಂದ ಬರೋ ಹೊತ್ತು. ಬೀಗ ನೋಡಿದ್ರೆ ಅಳ್ತಾನೆ."

"ಇಲ್ಲೇ ಇದೀನಲ್ಲಮ್ಮ" ಎಂದರು ಇವರು.

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊರಗಿನ ಗಂಡಸಿನೆದುರು ಮಾಡುವಂತೆ ಸೆರಗು ಹೊದ್ದುಕೊಂಡರು. "ನೀವ್ಯಾರೋ ದೊಡ್ಡವರು ಸ್ವಾಮಿ. ನೀವಾದ್ರೂ ಇವಳಿಗೆ ಸ್ವಲ್ಪ ಹೇಳಿ."

ಇವರು ರೈಲಿನ ದಾರಿಗೆ ತಿರುಗಿದರು. ನಾನು ಬೀಗ ಒತ್ತಿದೆ.