ಕೇಕಿಗೆ ಕೊಡದ ಕತ್ತಿ

ವೀರಗಾಸೆ ಕಲಿಯುತ್ತೇನೆ ಎಂದು ನಾನು ಹೇಳಿದಾಗ ಅಪ್ಪ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಹೊಸನಗರದ ಪೇಟೆಯಲ್ಲಿ ಅವನದು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿ. ಹಬ್ಬ, ಜಾತ್ರೆ, ಮದುವೆ ಬಂದರೆ ಅಂಗಡಿಗೆ ಬಾಗಿಲು ಹಾಕಿ, ಎದೆಗೆ ವೀರಭದ್ರನ ಹಲಗೆ ಕಟ್ಟಿ, ಕತ್ತಿ ಹಿಡಿದು ಕುಣಿಯಲು ಹೋಗುತ್ತಿದ್ದ. ಅಜ್ಜನೂ ಕುಣಿದವನೇ. ನಮ್ಮ ಮನೆಯಲ್ಲಿ ಗಂಡುಮಕ್ಕಳಿಲ್ಲ, ಹಾಗಾಗಿ ಅಪ್ಪನ ಕಾಲಕ್ಕೇ ಅದು ಮುಗಿಯಿತು ಎಂದು ನೆಂಟರೆಲ್ಲ ಮಾತಾಡಿಕೊಂಡಿದ್ದರು. ನಾನು ಆಗ ಸಾಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್.

"ಹೆಣ್ಮಕ್ಳು ಕಟ್ಟಾದಿಲ್ಲ ಅದನ್ನ," ಎಂದ ಅಪ್ಪ.

"ಯಾರು ಹೇಳಿದ್ದು?"

"ನಮ್ಮಪ್ಪ."

"ಅಜ್ಜಂಗೆ ಯಾರು ಹೇಳಿದ್ರು?"

ಅಪ್ಪ ಹಲ್ಲಿನಿಂದ ದಾರ ಕಡಿದ. "ಅದನ್ನ ನಾನು ಕೇಳ್ಲೇ ಇಲ್ಲ ನೋಡು," ಎಂದ.

ಕಲಿಸಲು ಒಪ್ಪಿದ ಮೇಲೆ ಹೆಣ್ಣೆಂದು ಒಂದು ರಿಯಾಯ್ತಿಯನ್ನೂ ಕೊಡಲಿಲ್ಲ. ಕುಣಿತದ ನಡುವೆ ವೀರಭದ್ರನ ಕಥೆಯನ್ನು ಗಟ್ಟಿ ದನಿಯಲ್ಲಿ ಹೇಳುವುದಕ್ಕೆ ಒಡಪು ಎನ್ನುತ್ತಾರೆ. ಮೊದಲು ಅದಷ್ಟೂ ಬಾಯಿಗೆ ಬರಬೇಕು, ಅಲ್ಲಿಯವರೆಗೆ ಕತ್ತಿ ಮುಟ್ಟುವಂತಿಲ್ಲ. ಕುಣಿಯುವ ದಿನ ಉಪವಾಸ. ಹಿತ್ತಲಿನ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ಅಭ್ಯಾಸ. ನಾನು ಸಾಗರದಲ್ಲಿ ಹೋಗುತ್ತಿದ್ದ ಜಿಮ್ಮಿನಲ್ಲಿ ಸುತ್ತಲೂ ಕನ್ನಡಿ. ಹಿತ್ತಲಲ್ಲೂ ಒಂದು ಕನ್ನಡಿ ಇಟ್ಟುಕೊಂಡರೆ ತಪ್ಪು ಗೊತ್ತಾಗುತ್ತದೆ ಎಂದೆ.

"ತಪ್ಪು ಹೇಳಕ್ಕೆ ನಾನಿದೀನಿ. ಕನ್ನಡಿ ನೋಡ್ಕಂಡು ಕುಣಿದ್ರೆ ನಿನಗೆ ನೀನೇ ಕುಣಿದಂಗಾಗ್ತದೆ," ಎಂದ ಅಪ್ಪ.

ಮಕ್ಕಳಿಗೆ ಗೆಲ್ಲುವುದನ್ನು ಕಲಿಸುವುದೇ ನನ್ನ ಕೆಲಸವಾಗಿತ್ತು. ಇಲ್ಲಿ ಗೆಲ್ಲುವುದಕ್ಕೆ ಯಾರೂ ಇರಲಿಲ್ಲ. ಹಸಿವು, ಸುಸ್ತು, ನಾಚಿಕೆ ಇವನ್ನು ಒಂದೊಂದಾಗಿ ಕೆಳಗಿಟ್ಟು ನೆಟ್ಟಗೆ ನಿಲ್ಲಬೇಕಿತ್ತು, ಅಷ್ಟೆ.

ಕಳೆದ ವರ್ಷ ತೀರ್ಥಹಳ್ಳಿಯಿಂದ ಮೇಳಿಗೆಗೆ ಹೋಗುವ ದಾರಿಯ ಒಂದು ರೆಸಾರ್ಟಿನಿಂದ ಕರೆ ಬಂತು. ಯಾವುದೋ ಕಂಪನಿಯ ವಾರ್ಷಿಕ ಕೂಟ. ಕಾರ್ಯಕ್ರಮ ನೋಡಿಕೊಳ್ಳುವ ಮ್ಯಾನೇಜರಿಗೆ "ಲೇಡಿ ವಾರಿಯರ್" ಬೇಕಿತ್ತಂತೆ. ನಾನು, ಅಪ್ಪ, ಸಮಾಳ ಬಾರಿಸುವ ಅಪ್ಪನ ಹಳೆಯ ಗೆಳೆಯ, ಮೂವರೂ ಹೋದೆವು. ಅಷ್ಟರಲ್ಲಿ ಮಂಡಿನೋವು ಬಂದು ಅಪ್ಪ ಕುಣಿತ ಬಿಟ್ಟಿದ್ದ. ಒಡಪು ಅವನದು, ಕುಣಿತ ನನ್ನದು.

"ಕಥೆಯೆಲ್ಲ ಬೇಡ ಸರ್, ಮ್ಯೂಸಿಕ್ ನಾವು ಹಾಕ್ತೀವಿ. ಎರಡು ನಿಮಿಷ ಕುಣಿದ್ರೆ ಸಾಕು," ಎಂದ ಮ್ಯಾನೇಜರ್. ಅಪ್ಪ ನನ್ನ ಮುಖ ನೋಡಿದ. ದೂರದಿಂದ ಬಂದಿದ್ದೇವೆ ಎಂದು ಇಬ್ಬರೂ ನುಂಗಿಕೊಂಡೆವು.

ಎರಡು ನಿಮಿಷವಾದ ಕೂಡಲೇ ಒಂದು ದೊಡ್ಡ ಕೇಕನ್ನು ತಳ್ಳಿಕೊಂಡು ಬಂದರು. ಕಂಪನಿಯ ಮುಖ್ಯಸ್ಥೆ, ನನಗಿಂತ ಸ್ವಲ್ಪ ದೊಡ್ಡವರು, ನಗುತ್ತಾ ಕೈ ಚಾಚಿದರು. "ಕತ್ತಿ ಕೊಡ್ತೀರಾ? ಇದರಲ್ಲೇ ಕೇಕ್ ಕಟ್ ಮಾಡೋಣ. ನಿಮ್ಮಂಥ ಹೆಣ್ಣುಮಕ್ಕಳೇ ನಮಗೆ ಸ್ಫೂರ್ತಿ."

ಅವರು ಪ್ರೀತಿಯಿಂದಲೇ ಕೇಳಿದರು. ಆದರೂ ನಾನು ಕತ್ತಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಕೊಡಕ್ಕಾಗಲ್ಲ ಮೇಡಂ. ಪೂಜೆ ಮಾಡಿ ತಂದಿರೋದು. ಬೆಳಿಗ್ಗೆಯಿಂದ ಉಪವಾಸ ಇದ್ದು ಹಿಡ್ಕಂಡಿದೀನಿ."

ಮ್ಯಾನೇಜರ್ ಓಡಿಬಂದ. "ತೊಳೆದು ವಾಪಸ್ ಕೊಡ್ತೀವಿ ಮೇಡಂ, ಎಂತ ಆಗಲ್ಲ. ಕಾಲ ಬದಲಾಗಿದೆ. ನೀವೇ ಹಳೇದನ್ನೆಲ್ಲ ಮುರಿದು ಬಂದೋರು, ನೀವೇ ಹಿಂಗಂದ್ರೆ ಹೆಂಗೆ?"

ಆ ಮಾತು ಚುಚ್ಚಿತು. ಇಷ್ಟು ದಿನ ಕುಣಿದಿದ್ದು ಇವರಿಗೆ ಹೀಗೆ ಕಂಡಿತೇ? "ನಾನು ಮುರಿಯಕ್ಕೆ ಬಂದೋಳಲ್ಲ ಸರ್. ಒಳಗೆ ಬರ್ಬೇಕು ಅಂತ ಬಾಗ್ಲು ತಟ್ದೋಳು."

ಅಪ್ಪ ಏನೆನ್ನುತ್ತಾನೋ ಎಂದು ಅಳುಕಿದೆ. ಜಗಳವೆಂದರೆ ದೂರ ಸರಿಯುವ ಮನುಷ್ಯ. ಆದರೆ ಗೋಡೆಯ ಬದಿಯಲ್ಲಿ ನಿಂತಿದ್ದ ಅವನು ಮುಂದೆ ಬಂದು, ಮೈಕು ಇಲ್ಲದೆಯೇ ಒಡಪು ಎತ್ತಿದ. ದಕ್ಷ ತನ್ನ ಮಗಳನ್ನೇ ಯಜ್ಞದಲ್ಲಿ ಅವಮಾನಿಸಿದ್ದು, ಅದಕ್ಕೆ ಸಿಟ್ಟಾದ ಶಿವನಿಂದ ವೀರಭದ್ರ ಹುಟ್ಟಿದ್ದು. ಸಮಾಳ ಗುಡುಗಿತು. ಯಾರೋ ಸ್ಪೀಕರಿನ ಸದ್ದು ಏರಿಸಿದರು, ಅಪ್ಪ ಅದಕ್ಕಿಂತ ಎತ್ತರಿಸಿದ. ನಾನು ಕಥೆ ಮುಗಿಯುವವರೆಗೂ ಕುಣಿದೆ. ಕೆಲವರು ಮೊಬೈಲ್ ಹಿಡಿದರು, ಕೆಲವರು ಊಟಕ್ಕೆ ಎದ್ದು ಹೋದರು. ಮುಖ್ಯಸ್ಥೆ ಮಾತ್ರ ಕೊನೆಯವರೆಗೂ ನಿಂತು ನೋಡಿ, ಆಮೇಲೆ ಪ್ಲಾಸ್ಟಿಕ್ ಚಾಕುವಿನಿಂದ ಕೇಕ್ ಕತ್ತರಿಸಿದರು.

"ಇನ್ನು ಈ ಕಡೆ ಯಾರೂ ನಿಮ್ಮನ್ನ ಕರೆಯಲ್ಲ," ಎಂದ ಮ್ಯಾನೇಜರ್ ಗೇಟಿನಲ್ಲಿ.

"ಕರೀದಿದ್ರೆ ಬರಾದಿಲ್ಲ," ಎಂದ ಅಪ್ಪ.

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಉಪವಾಸ ಮುರಿದೆವು. ಒಳ್ಳೇ ಊಟ ಬಿಟ್ಟು ಬಂದೆವೆಂದು ಸಮಾಳದ ಮಾವ ಗೊಣಗುತ್ತಲೇ ಇದ್ದ. ಅಪ್ಪ ಹೊಗಳುತ್ತಾನೆಂದು ನಾನು ಕಾದಿದ್ದೆ. ಅವನು ದೋಸೆ ಮುರಿಯುತ್ತಾ, "ಯಜ್ಞದ ಭಾಗದಲ್ಲಿ ಹೆಜ್ಜೆ ತಪ್ತು ನಿಂದು," ಎಂದ.

ನಾನು ಕತ್ತಿ ಕೊಡದಿದ್ದುದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ಆಮೇಲೆ ಆ ವಿಡಿಯೋ ಊರೂರು ತಿರುಗಿತು. ಮೂಢನಂಬಿಕೆ, ಅಹಂಕಾರ ಎಂದು ಕೆಲವರು ಬರೆದರು. ಸ್ಟಾಫ್‌ರೂಮಿನಲ್ಲೂ ಒಬ್ಬರು, "ಇಷ್ಟು ಓದಿ ಇದೆಂಥದ್ದು?" ಎಂದರು. ಓದಿದ್ದಕ್ಕೇ ಎಲ್ಲವೂ ಮಾರಾಟಕ್ಕಲ್ಲ ಎಂದು ತಿಳಿಯಿತು ಎಂದೆ.

ಅದಕ್ಕಿಂತ ಹೆಚ್ಚು ಕಸಿವಿಸಿಯಾದದ್ದು ಹೊಗಳಿದವರಿಂದ. ನಾಲ್ಕು ಜನ ಯುವಕರು ಸಾಗರದ ನನ್ನ ಬಾಡಿಗೆ ಮನೆಗೆ ಬಂದರು. ತಮ್ಮ ಮೆರವಣಿಗೆಯ ಮುಂದೆ ನಾನು ಕತ್ತಿ ಎತ್ತಿ ನಡೆಯಬೇಕಂತೆ, ಎದುರು ಬೀದಿಯವರಿಗೆ ಸ್ವಲ್ಪ ಭಯ ಹುಟ್ಟಬೇಕಂತೆ.

"ಒಡಪು ಪೂರ್ತಿ ಕೇಳ್ತೀರಾ?" ಎಂದೆ.

"ಅದಕ್ಕೆಲ್ಲ ಟೈಮ್ ಇರಲ್ಲಕ್ಕಾ."

"ಉಪವಾಸ ಇರ್ತೀರಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹಾಗಾದರೆ ನಾನೂ ಬರುವುದಿಲ್ಲ ಎಂದು ಕಾಫಿ ಕೊಟ್ಟೆ. ಕುಡಿದು, ಬೇಸರ ಮಾಡಿಕೊಂಡೇ ಎದ್ದು ಹೋದರು. ಈಗ ದಾರಿಯಲ್ಲಿ ಸಿಕ್ಕರೂ ಮಾತಾಡಿಸುವುದಿಲ್ಲ. ನಾನೂ ಮಾತಾಡಿಸುವುದಿಲ್ಲ.