ಗೌತಮಿಯ ತಟ್ಟೆ

ಮಂಡ್ಯದ ನಮ್ಮ ಮನೆಗೆ ಹೊಸ ಬಾಗಿಲು ಕೂರಿಸುವಾಗ ಬಡಗಿ ಹಜಾರದಲ್ಲಿ ಕುಕ್ಕರಗಾಲಲ್ಲಿ ಕೂತು ಉಪ್ಪುಕಾಗದದಿಂದ ಮರ ಉಜ್ಜುತ್ತಿದ್ದ. ಆ ಗರಗರ ಸದ್ದು ಕೇಳಿದ್ದೇ ನನ್ನ ಬಲಗೈಯ ಎರಡು ಬೆರಳು ತಾವಾಗಿಯೇ ಮುಂದೆ ಚಾಚಿಕೊಂಡವು. ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಒಂದು ಹೆಂಚಿನ ಮನೆಯೊಳಗೆ, ನಾನು 'ಅ' ಕಲಿತದ್ದು ಹಾಗೆಯೇ. ಹಲಗೆಗೆ ಅಂಟಿಸಿದ ಉಪ್ಪುಕಾಗದದ ಅಕ್ಷರದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾ. ಅದು ಪದ್ಮಾ ಆಂಟಿಯ ಮಾಂಟೆಸರಿ. ಆಂಟಿ ಮೈಸೂರಿನಲ್ಲಿ ತರಬೇತಿ ಪಡೆದು ಬಂದು ತಮ್ಮ ನಡುಮನೆಯನ್ನೇ ಶಾಲೆ ಮಾಡಿದ್ದರು. ನಾವು ಹನ್ನೆರಡು ಮಕ್ಕಳು. ಬಂದ ಕೂಡಲೇ ಗೂಡಿನಿಂದ ನಮ್ಮ ಪುಟ್ಟ ಚಾಪೆ ತೆಗೆದು ಹಾಸಿಕೊಳ್ಳಬೇಕು. ಅದರ ಮೇಲೆ ಗುಲಾಬಿ ಬಣ್ಣದ ಮರದ ಘನಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸಬೇಕು, ಒಂದು ಹೂಜಿಯಿಂದ ಇನ್ನೊಂದಕ್ಕೆ ಕಾಳು ಚೆಲ್ಲದಂತೆ ರಾಗಿ ಸುರಿಯಬೇಕು, ಚೌಕಟ್ಟಿಗೆ ಬಿಗಿದ ಬಟ್ಟೆಯ ಗುಂಡಿ ಹಾಕಿ ಬಿಚ್ಚಬೇಕು. ತಣ್ಣನೆಯ ಕೆಂಪು ನೆಲ, ಹೂಜಿಗೆ ಬೀಳುವ ರಾಗಿಯ ಸರಸರ, ಆಂಟಿಯ ಸೀರೆಯ ಗಂಜಿ ವಾಸನೆ. ಅಲ್ಲಿ ಯಾರೂ ಯಾರಿಗೂ ಬೇಗ ಬೇಗ ಅನ್ನುತ್ತಿರಲಿಲ್ಲ.

ನನ್ನ ಅಜ್ಜಿಗೆ ಮಾತ್ರ ಮೊದಲ ದಿನದಿಂದಲೂ ಅನುಮಾನ. ನನ್ನನ್ನು ಬಿಟ್ಟು ಮನೆಗೆ ಹೋಗದೆ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು. ಒಳಗೆ ಸ್ಲೇಟಿಲ್ಲ, ಬೆತ್ತವಿಲ್ಲ, ಮಗ್ಗಿಯ ಸದ್ದಿಲ್ಲ. ಸಂಜೆ ನನ್ನ ಅಂಗೈ ಹಿಡಿದು ಮೂಸುತ್ತಿದ್ದಳು, ಸೋಪಿನ ವಾಸನೆ ಬಂದರೆ ಅಪ್ಪನ ಕಡೆ ತಿರುಗುತ್ತಿದ್ದಳು. "ಆವಮ್ಮ ಮಕ್ಳ ಕೈಲಿ ಕೆಲ್ಸ ಮಾಡುಸ್ಕತಾಳೆ ಕಣ್ಲಾ. ರಾಗಿ ಸುರಿಯದು, ನೆಲ ಒರ್ಸದು... ಏನೋ ಅದೆ ಇದ್ರಲ್ಲಿ." ಅಪ್ಪ ಪೇಪರಿನಿಂದ ತಲೆ ಎತ್ತದೆ, "ಬುಡವ್ವ, ಆಡ್ಕತಾವೆ" ಅನ್ನುತ್ತಿದ್ದರು. ಅಜ್ಜಿ ಬಿಡುವವಳಲ್ಲ. ಮಲಗಿಸುವಾಗ ಕತೆ ಹೇಳುವುದು ಬಿಟ್ಟು, ಇವತ್ತು ಏನು ಮಾಡಿಸಿದರು, ಯಾರ ಪಕ್ಕ ಕೂರಿಸಿದರು, ಏನು ತಿನ್ನಿಸಿದರು ಎಂದು ಒಂದೊಂದಾಗಿ ಕೇಳುತ್ತಿದ್ದಳು. ನನಗೂ ಆ ವಿಚಾರಣೆ ರುಚಿಸತೊಡಗಿತ್ತು. ಮನೆಯಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳುತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಗೌತಮಿ ಸೋಮನಹಳ್ಳಿಯಿಂದ ಅವಳ ಅಮ್ಮನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಮ್ಮ ಮದ್ದೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ನಮ್ಮಿಬ್ಬರ ಚಾಪೆ ಯಾವಾಗಲೂ ಅಕ್ಕಪಕ್ಕ. ಒಂದು ದಿನ ಆಂಟಿ ನಮಗೆ ತಟ್ಟೆ ತೊಳೆಯುವುದನ್ನು ಹೇಳಿಕೊಟ್ಟರು. ಮೂರು ಬೋಗುಣಿ. ಒಂದರಲ್ಲಿ ನೆನೆಸು, ಇನ್ನೊಂದರಲ್ಲಿ ತೆಂಗಿನ ನಾರಿನಿಂದ ಉಜ್ಜು, ಮೂರನೆಯದರಲ್ಲಿ ಜಾಲಿಸು. ಗೌತಮಿ ನನ್ನ ತಟ್ಟೆ ತೊಳೆದಳು, ನಾನು ಅವಳದು. ತಟ್ಟೆಯಲ್ಲಿ ನನ್ನ ಮುಖ ಕಾಣಿಸಿತು. ರಾತ್ರಿಯವರೆಗೂ ತಡೆಯಲಾರದೆ ದಾರಿಯಲ್ಲೇ ಅಜ್ಜಿಗೆ ಹೇಳಿದೆ.

"ಯಾರ್ ತಟ್ಟೆ?" ಅಜ್ಜಿ ನಿಂತುಬಿಟ್ಟಳು.

"ಗೌತಮೀದು."

ಇಷ್ಟು ವರ್ಷ, ನಾನು ಅಷ್ಟೇ ಹೇಳಿ ನಿಲ್ಲಿಸಿದ್ದನ್ನು ಮಗುವಿನ ಜಂಬ ಎಂದೇ ನನಗೆ ಹೇಳಿಕೊಂಡಿದ್ದೇನೆ. ಈಗ ಅದೂ ಅನುಮಾನ. ಅಜ್ಜಿಯ ಮುಖ ಕಂಡಮೇಲೆ, ಗೌತಮಿಯೂ ನನ್ನದನ್ನು ತೊಳೆದಳು ಎಂಬ ಮಾತನ್ನು ನಾನು ಯಾಕೆ ನುಂಗಿಕೊಂಡೆ?

ಮಾರನೆಯ ಬೆಳಿಗ್ಗೆ ಅಜ್ಜಿ ಬೀದಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಆಂಟಿಯ ಜಗಲಿಯ ಮುಂದೆ ನಿಂತಳು. "ನಮ್ ಕೂಸ್ನ ಓದಕ್ ಕಳ್ಸಿರದು ಕಣಮ್ಮ. ಅವ್ರಿವ್ರ ಎಂಜ್ಲು ತಟ್ಟೆ ಬೆಳಗಕ್ಕಲ್ಲ."

"ಅವಳ ತಟ್ಟೆ ಇವಳು, ಇವಳ ತಟ್ಟೆ ಅವಳು ತೊಳೆದ್ರು. ನನ್ನ ತಟ್ಟೇನೂ ಮಕ್ಕಳು ತೊಳೀತಾರೆ, ಅವರದ್ದು ನಾನು ತೊಳೀತೀನಿ," ಅಂದರು ಆಂಟಿ.

"ನೀನ್ ಏನಾರ ಮಾಡ್ಕೊ. ನಮ್ ಮನೇವು ಅಂತವ್ರದ್ದ ಮುಟ್ಟಕುಲ್ಲ."

'ಅಂತವ್ರು' ಯಾರೆಂದು ಅಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಗೌತಮಿಯ ಅಮ್ಮ ಮಗಳ ಕೈ ಹಿಡಿದು ಬಂದು ಅಜ್ಜಿಯ ಹಿಂದೆಯೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಅಜ್ಜಿಯನ್ನು ನೋಡಲೂ ಇಲ್ಲ. ಬಾಗಿ ಮಗಳ ಚಪ್ಪಲಿ ಬಿಚ್ಚಿ, "ಒಳಿಕ್ಕೋಗು ಮಗ, ಚಾಪೆ ಹಾಸ್ಕೊ, ಒತ್ತಾಯ್ತು" ಅಂದರು. ಗೌತಮಿ ಹೊಸ್ತಿಲು ದಾಟಿ ತಿರುಗಿ ನನಗಾಗಿ ನಿಂತಳು. ಅಜ್ಜಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಮಾತು ಊರಲ್ಲಿ ಹಬ್ಬಿತು. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಎಲ್ಲರೂ ಹೇಳಿದ ಕಾರಣ ಒಂದೇ: ಅಲ್ಲಿ ಓದಿಸಲ್ಲ. ಆ ವರ್ಷ ಮುಗಿಯುವ ಮೊದಲೇ ಶಾಲೆ ಮುಚ್ಚಿತು, ಆಂಟಿ ಮೈಸೂರಿಗೆ ಹೋದರು. ಹೆಂಚಿನ ಮನೆ ಇದ್ದ ಕಡೆ ಈಗ ಟೈಲ್ಸ್ ಅಂಗಡಿಯಿದೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಆದರೆ ನನ್ನ ಮಗಳ ಶಾಲೆಯಲ್ಲಿ ಕ್ಯಾಮೆರಾ ಹಾಕಿದ್ದಾರೆ. ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಅವಳು ಯಾರ ಪಕ್ಕ ಕೂತಿದ್ದಾಳೆಂದು ನೋಡುವಾಗ, ಸರಳು ಹಿಡಿದು ನಿಂತಿರುವುದು ಯಾರೆಂದು ನನಗೆ ಗೊತ್ತಾಗುತ್ತದೆ.

ಬಡಗಿ ಕೆಲಸ ಮುಗಿಸಿದ ವಾರವೇ ಶಿಕ್ಷಕರ ತರಬೇತಿಗೆಂದು ಮಳವಳ್ಳಿಗೆ ಹೋಗಿದ್ದೆ. ಹಾಜರಿ ಕರೆಯುವಾಗ ಸೋಮನಹಳ್ಳಿಯ ಗೌತಮಿ ಎಂಬ ಹೆಸರು ಕೇಳಿಸಿತು. ಟೀ ಬಿಡುವಿನಲ್ಲಿ ನಾನೇ ಹೋಗಿ ಪರಿಚಯ ಹೇಳಿಕೊಂಡೆ. ಅವಳು ನಕ್ಕಳು. ಆ ನಗುವಿನ ಹಿಂದೆ ಏನಿದೆಯೋ ಎಂದು ಹುಡುಕುತ್ತಲೇ ನಾನು ಅಜ್ಜಿಯ ಮಾತೆತ್ತಿದೆ.

"ಅದು ನಂಗೆ ನೆನಪಿಲ್ಲ ಕಣೆ. ನಮ್ಮಮ್ಮಂಗೆ ನೆನಪಿತ್ತು, ಕೊನೇವರ್ಗೂ," ಅಂದಳು. "ನಂಗೆ ಗ್ಯಾಪ್ನ ಇರದು, ನೀವೆಲ್ಲ ಬುಟ್ಟೋದ್ಮೇಲೆ ನಾನೂ ಆಂಟೀನೂ ಇಬ್ರೇ ಇದ್ದುದ್ದು. ನನ್ ತಟ್ಟೆ ಆಂಟಿ ತೊಳೆಯೋರು, ಅವ್ರದ್ದು ನಾನು."

ಆಂಟಿ ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಅಲ್ಲಿಯವರೆಗೂ ಇವಳು ಮೈಸೂರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದಳಂತೆ.

"ನನ್ನ ಯಾವತ್ತಾದ್ರೂ ಕೇಳಿದ್ರಾ?"

ಗೌತಮಿ ಟೀ ಲೋಟ ಕೆಳಗಿಟ್ಟಳು. "ಇಲ್ಲ," ಅಂದಳು.

ಬಹಳ ದಿನಗಳ ಮೇಲೆ ಒಬ್ಬರ ಮಾತನ್ನು ನಾನು ಮರುಪ್ರಶ್ನೆಯಿಲ್ಲದೆ ನಂಬಿದೆ. ಒಳಗೆ ತರಬೇತಿ ಮತ್ತೆ ಶುರುವಾಗಿತ್ತು. ಇಬ್ಬರೂ ಎದ್ದು ಹೋಗಿ ನಮ್ಮ ನಮ್ಮ ಬೆಂಚಿನಲ್ಲಿ ಕೂತೆವು.